ಸ್ಟೋರ್ ರೂಮಿನ ಎರಡನೇ ಸ್ವಿಚ್

"ಮತ್ತೆ ನೀವೇನಾ!"

ಬಾಗಿಲು ತೆರೆದವಳ ಬಾಯಿಂದ ಬಂದ ಮೊದಲ ಮಾತೇ ಅದು. ಹೊರಗೆ ಹೆಗಲಿಗೆ ಚೀಲ ಏರಿಸಿಕೊಂಡು ನಿಂತಿದ್ದ ಎಸಿ ಮೆಕ್ಯಾನಿಕ್ ಬೂಟು ಒರೆಸಿಕೊಳ್ಳುತ್ತ ಕೇಳಿದ, "ಫೋನ್ ಮಾಡಿದ್ದು ನೀವೇ ಅಲ್ವಾ ಮೇಡಂ?"

"ಮಾಡಿದ್ದು ಕಂಪನಿಗೆ. ನಿಮಗಲ್ಲ."

ಹಾಗೆಂದ ಮೇಲೆ ಅವಳಿಗೇ ಗೊಂದಲ. ಹಾಗಾದರೆ ಕರೆಗಂಟೆ ಕೇಳಿದ ಕೂಡಲೇ ಕನ್ನಡಿಯತ್ತ ಓಡಿದ್ದೇಕೆ?

ಅವಳು ಮದುವೆಯ ಉಡುಪು ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಜಿನ ತುಂಬ ಬಿಳಿ ರೇಷ್ಮೆ. ಕೈ ಬೆವರಿದರೆ ಬಟ್ಟೆಗೆ ಕಲೆ, ಕಲೆ ಬಿದ್ದರೆ ವಧುವಿನ ತಾಯಿ ರಣಚಂಡಿ! ಇಡೀ ಮನೆಗೆ ಇರುವುದು ಒಂದೇ ದೊಡ್ಡ ಎಸಿ. ಅದು ನಿಂತು, ತಂಪು ಹೊಂದಿಸುವ ಗೋಡೆಯ ಥರ್ಮೋಸ್ಟಾಟ್ ಪರದೆ ಕಪ್ಪಾಗಿದ್ದು ಇದು ಮೂರನೇ ಸಲ.

"ಬ್ರೇಕರ್ ನೋಡಿದೆ, ಬಿದ್ದಿಲ್ಲ. ಮನೆಗೆಲ್ಲ ಕರೆಂಟಿದೆ, ಇದಕ್ಕೊಂದಕ್ಕೇ ಇಲ್ಲ," ಎಂದಳು.

ಅವನು ಕೆಲಸಕ್ಕಿಳಿದ. ಥರ್ಮೋಸ್ಟಾಟ್ ಬಿಚ್ಚಿ ವೈರುಗಳನ್ನು ನೋಡಿದ. ಬ್ರೇಕರಿಗೆ ಮೀಟರ್ ಹಿಡಿದ. ಹಿತ್ತಲಿಗೆ ಹೋಗಿ ಹೊರಗಿನ ಯಂತ್ರದ ಫ್ಯೂಸ್ ತೆಗೆದು ನೋಡಿದ. ಎಲ್ಲ ಆದ ಮೇಲೆ, ಒಳಗಿನ ಯಂತ್ರವಿದ್ದ ಸ್ಟೋರ್ ರೂಮಿಗೆ ಹೋದ. ಅವಳ ಅಪ್ಪ, ನಿವೃತ್ತ ಬಸ್ ಡ್ರೈವರ್, ಗಡಿಬಿಡಿಯಲ್ಲಿ ಅವನ ಹಿಂದೆಯೇ ನುಗ್ಗಿ ಬಾಗಿಲು ಹಾಕಿಕೊಂಡರು. ಒಳಗೆ ಏನೋ ಪಿಸುಪಿಸು...

ಮರುಕ್ಷಣ ತಂಗಾಳಿ ಬೀಸಿತು!

"ಏನಾಗಿತ್ತು?"

"ವೈರ್ ಲೂಸಾಗಿತ್ತು."

"ಹೋದ ಸಲಾನೂ ಅದೇ ಅಂದ್ರಿ. ಅದರ ಹಿಂದಿನ ಸಲಾನೂ ಅದೇ!"

ಅವನು ನೆಲ ನೋಡಿದ. ಅಪ್ಪ ಸೂರು ನೋಡಿದರು.

"ನೀವೇ ಏನೋ ಮಾಡಿಟ್ಟು ಹೋಗ್ತೀರ... ಮತ್ತೆ ಬರೋಕೆ ನೆಪ ಬೇಕಲ್ಲ. ಹೌದೋ ಅಲ್ವೋ?"

ಅವನ ಮುಖ ಸಪ್ಪಗಾಯಿತು. ಚೀಲದ ಜಿಪ್ ಎಳೆದ.

"ಇನ್ಮೇಲೆ ಬೇರೆಯವರು ಬರ್ತಾರೆ ಮೇಡಂ."

ಬಾಗಿಲು ಹಾಕಿದ ಮೇಲೆ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಆ ವಾರವೆಲ್ಲ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಬಲತೋಳನ್ನು ಎಡಕ್ಕೆ ಹೊಲಿದು ಮತ್ತೆ ಬಿಚ್ಚಿದಳು. 'ಸುಳ್ಳು ಹೇಳಿದವನು ಅವನು. ಸಂಕಟ ನನಗೇಕೆ?'

ಉತ್ತರ ಸಿಕ್ಕಿದ್ದು ಮುಂದಿನ ಭಾನುವಾರ ಮಧ್ಯಾಹ್ನ. ಲೇಸಿನ ಸುರುಳಿ ತರಲು ಸ್ಟೋರ್ ರೂಮಿನತ್ತ ಹೊರಟಿದ್ದಳು. ಅಪ್ಪ ಒಳಗಿನಿಂದ ಬಂದರು. ಹೊರಬರುತ್ತ, ಬಾಗಿಲ ಪಕ್ಕದ ಎರಡು ಸ್ವಿಚ್ಚುಗಳನ್ನೂ ಅಂಗೈಯ ಒಂದೇ ಏಟಿಗೆ ಬಡಿದು ಆರಿಸಿದರು. ಒಂದು ದೀಪದ್ದು. ಇನ್ನೊಂದು...

ಗಾಳಿ ನಿಂತಿತು.

ಅಪ್ಪನ ಮೀಸೆಯಲ್ಲಿ ಕ್ರೀಮ್ ಬಿಸ್ಕತ್ತಿನ ಪುಡಿ. ಸಕ್ಕರೆ ಮುಟ್ಟಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದ ಅಪ್ಪ!

"ಪುಟ್ಟೀ... ಡ್ಯೂಟಿ ಮುಗಿದ ಮೇಲೆ ಬಸ್ಸಿನ ಸ್ವಿಚ್ಚೆಲ್ಲ ಒಟ್ಟಿಗೆ ಬಡಿದು ಇಳಿಯೋ ಕೈ ಕಣೇ ಇದು. ಮಾತೇ ಕೇಳಲ್ಲ."

"ಅವರಿಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ಪುಟ್ಟಿಗೆ ಹೇಳ್ಬೇಡಪ್ಪಾ ಅಂತ ಕೈ ಮುಗಿದೆ. ಪಾಪ, ಮಾತು ಕೊಟ್ಟುಬಿಟ್ಟ."

"ಅವರಿಗೆ ಅಷ್ಟು ಬೈದೆನಲ್ಲ! ನೀವು ಸುಮ್ಮನೆ ಸೂರು ನೋಡ್ತಾ ನಿಂತಿದ್ರಿ!"

"ಬಾಯಲ್ಲಿ ಬಿಸ್ಕತ್ತಿತ್ತು ಕಣೇ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಿಚ್ ಹಾಕಲೆಂದು ಕೈ ಎತ್ತಿದವಳು ಹಾಗೇ ಇಳಿಸಿ, ಫೋನ್ ತೆಗೆದುಕೊಂಡಳು.

"ಆ ಮನೆಗೆ ನನ್ನ ಕಳಿಸ್ಬೇಡಿ ಅಂತ ಅವನೇ ಹೇಳಿದ್ದಾನಲ್ಲಮ್ಮ," ಎಂದರು ಕಂಪನಿಯವರು.

"ಇದೊಂದು ಸಲ... ನಾನೇ ಕೇಳಿದೆ ಅಂತ ಹೇಳಿ."

ಅವನು ಬರದಿದ್ದರೆ? ಸೆಕೆ ಏರುತ್ತಿತ್ತು. ರೇಷ್ಮೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಬೆವರುತ್ತ ಕಿಟಕಿಯ ಬಳಿ ಕೂತಳು. ಬೀದಿಯಲ್ಲಿ ಹೋಗುವ ಪ್ರತಿ ವ್ಯಾನೂ ಅವನದೇ ಅನ್ನಿಸಿತು. ಕೊನೆಗೊಂದು ನಿಂತಿತು.

"ಅಪ್ಪ ಎಲ್ಲ ಹೇಳಿದ್ರು," ಬಾಗಿಲಲ್ಲೇ ಅಂದುಬಿಟ್ಟಳು. "ತಪ್ಪಾಯ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ."

ಅವನು ತಲೆಯಾಡಿಸಿದ. ಸೀದಾ ಥರ್ಮೋಸ್ಟಾಟ್ ಹತ್ತಿರ ಹೋಗಿ ಅದನ್ನು ಬಿಚ್ಚಿದ. ಬ್ರೇಕರಿಗೆ ಮೀಟರ್ ಹಿಡಿದ. ಹಿತ್ತಲಿನ ಕಡೆ ಹೊರಟ.

ಅವಳಿಗೆ ಮತ್ತೆ ಗೊಂದಲ. "ಅಲ್ಲಾ, ಸ್ಟೋರ್ ರೂಮಿನ ಸ್ವಿಚ್ ಅಂತ ನಿಮಗೆ ಗೊತ್ತಲ್ಲ. ನೇರ ಅಲ್ಲಿಗೇ ಹೋಗಬಾರದಾ?"

ಅವನು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಹೋದ್ರೆ... ಎರಡು ನಿಮಿಷದಲ್ಲಿ ಕೆಲಸ ಮುಗಿದುಹೋಗುತ್ತೆ."

ಅವಳಿಗೆ ಈಗ ಹೊಳೆಯಿತು! ಮೂರು ಸಲವೂ ಸುಮ್ಮಸುಮ್ಮನೆ ಬಿಚ್ಚಿ ಮುಚ್ಚಿದ ಥರ್ಮೋಸ್ಟಾಟ್, ಫ್ಯೂಸು...

"ಅಂದ್ರೆ ನಾನು ಅಂದಿದ್ದು ಪೂರ್ತಿ ಸುಳ್ಳಲ್ಲ!"

"ಅರ್ಧ ನಿಜ," ಎಂದು ಈಗ ತಿರುಗಿದ. "ಕೆಡಿಸಿದ್ದು ನಾನಲ್ಲ. ನಿಧಾನ ಮಾಡಿದ್ದು ನಾನು. ನೀವು ಇಷ್ಟ ಆದ್ರಿ, ಏನು ಮಾಡಲಿ? ಆದ್ರೆ ಇವತ್ತು ನೀವ್ಯಾಕೆ ಸ್ವಿಚ್ ಹಾಕಲಿಲ್ಲ?"

ಅವಳ ಹಣೆಯಿಂದ ಬೆವರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಹಾಕಿದ್ರೆ ನೀವು ಬರ್ತಿದ್ರಾ?"

ಒಳಗಿನಿಂದ ಅಪ್ಪನ ಕೂಗು ಕೇಳಿತು. "ಲೋ, ಯಾರಾದ್ರೂ ಆ ಸ್ವಿಚ್ ಹಾಕ್ರಪ್ಪಾ... ಬೆಂದು ಹೋಗ್ತಿದೀನಿ!"

ಅವನು ಚೀಲ ಕೆಳಗಿಟ್ಟು ಮೆಲ್ಲಗೆ ಕೇಳಿದ, "ಹಾಕಿಬಿಡಲಾ?"

"ಮೊದಲು ಫ್ಯೂಸ್ ನೋಡಿ ಬನ್ನಿ," ಎಂದಳು ಅವಳು. "ಬೇಡ, ನಿಲ್ಲಿ... ನಾನೂ ಬರ್ತೀನಿ."