ಸೌದೆ ಡಿಪೋದ ಗರಗಸ

ಉಗ್ರಾಣದ ಬಾಗಿಲು ತೆಗೆದೊಡನೆ ನೊಣಗಳು ಗುಂಪಾಗಿ ಎದ್ದವು. ಮೇಜಿನ ಮೇಲೆ ಒಂದೇ ಕೈಯಲ್ಲಿ ಎತ್ತಬಹುದಾದ ಸಣ್ಣ ಚೈನ್ ಗರಗಸ. ಅದರ ಸರಪಳಿಗೆ ಮೆತ್ತಿದ ರಕ್ತ ಒಣಗಿ ಕಪ್ಪಾಗಿತ್ತು. ನಡುನಡುವೆ ಲೋಹ ಫಳಫಳ ಹೊಳೆಯುತ್ತಿತ್ತು. ಪೆಟ್ರೋಲು, ಕಮಟು ಎಣ್ಣೆ, ಅದರ ಜೊತೆ ಇನ್ನೊಂದು ವಾಸನೆ — ಅದರ ಹೆಸರು ಹೇಳಲು ನನಗೆ ಈಗಲೂ ಮನಸ್ಸಿಲ್ಲ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಫೋಟೋ ತೆಗೆದೆ. ವಿಮಾ ಕಂಪನಿಯಲ್ಲಿ ನನ್ನ ಕೆಲಸ ಅಷ್ಟೇ. ಮೇಡಂ ತೋರಿಸಿದ್ದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು.

ತನಿಖೆ ಮೇಡಂ ಅವರದು. ಹಿಂದಿನ ದಿನ ಮಧ್ಯಾಹ್ನ ಈ ಸೌದೆ ಡಿಪೋದಲ್ಲಿ ಯಜಮಾನನ ತಮ್ಮ ದಿಮ್ಮಿ ಕೊಯ್ಯುತ್ತಿದ್ದಾಗ ಗರಗಸ ಎಗರಿ ಅವನ ಮೇಲೆಯೇ ಬಂದಿತ್ತು. ದವಡೆಯಿಂದ ಭುಜದವರೆಗೆ ಸೀಳಿತ್ತು. ಜೀವ ಉಳಿದಿತ್ತು, ಪ್ರಜ್ಞೆ ಇನ್ನೂ ಬಂದಿರಲಿಲ್ಲ.

ಯಜಮಾನ ನಮಗೆ ಕುರ್ಚಿ ಹಾಕಿಸಿ, ಕಣ್ಣೊರೆಸಿಕೊಂಡು ಹೇಳಿದ್ದು ಇಷ್ಟು: ಮಷಿನ್ ನಿಧಾನವೆಂದು ತಮ್ಮನಿಗೆ ಸದಾ ಬೇಸರ. ಹಾಗಾಗಿ ಸರಪಳಿಯ ಉಬ್ಬುಗಳನ್ನು ತಾನೇ ಸವೆಸಿಕೊಂಡ.

ಈ ಉಬ್ಬುಗಳೆಂದರೇನೆಂದು ಮೇಡಂ ನನಗೆ ತೋರಿಸಿದರು. ಪ್ರತಿ ಹಲ್ಲಿನ ಮುಂದೆಯೂ ಒಂದು ಗಿಡ್ಡ ಉಬ್ಬು ಇರುತ್ತದೆ. ಹಲ್ಲು ಮರವನ್ನು ಎಷ್ಟು ಆಳಕ್ಕೆ ಕಚ್ಚಬೇಕೆಂಬುದಕ್ಕೆ ಅದೇ ತಡೆ. ಅದನ್ನು ಅರದಿಂದ ಉಜ್ಜಿ ತಗ್ಗಿಸಿದರೆ ಗರಗಸ ಬೇಗ ಕೊಯ್ಯುತ್ತದೆ. ಅತಿಯಾಗಿ ತಗ್ಗಿಸಿದರೆ ಸಿಕ್ಕಿಕೊಂಡು ಎಗರುತ್ತದೆ. ಇಲ್ಲಿ ಉಬ್ಬುಗಳೇ ಉಳಿದಿರಲಿಲ್ಲ ಎನ್ನಬಹುದು. ಕೆಲಸಗಾರನೇ ಮಷಿನ್ ಕೆಡಿಸಿಕೊಂಡಿದ್ದರೆ ಕಂಪನಿ ಆಸ್ಪತ್ರೆಗೆ ಬಿಡಿಗಾಸೂ ಕೊಡುವುದಿಲ್ಲ. ಯಜಮಾನನೇ ಕೆಡಿಸಿದ್ದರೆ ಖರ್ಚೆಲ್ಲ ಸಿಗುತ್ತದೆ, ಆದರೆ ಡಿಪೋದ ಪರವಾನಗಿ ಹೋಗುತ್ತದೆ.

"ಅವನು ಅರ ಹಾಕಿದ್ದು ಯಾವಾಗ?" ಮೇಡಂ ಕೇಳಿದರು.

"ನಿನ್ನೆ ಬೆಳಿಗ್ಗೆ. ಇಲ್ಲೇ ಕೂತು ಉಜ್ಜತಾ ಇದ್ದ. ಬೇಡ ಕಣೋ ಅಂದೆ, ಎಲ್ಲಿ ಕೇಳ್ತಾನೆ?"

"ನೀವೇ ನೋಡಿದ್ರಾ?"

"ಕಣ್ಣಾರೆ."

"ಆಮೇಲೆ ಮಷಿನ್ ಯಾರಾದ್ರೂ ಮುಟ್ಟಿದಾರಾ?"

"ಯಾರೂ ಇಲ್ಲ. ಅವನನ್ನ ಆಸ್ಪತ್ರೆಗೆ ಕಳಿಸಿದ ತಕ್ಷಣ ನಾನೇ ಒಳಗಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಜೇಬಲ್ಲೇ ಇದೆ."

ಬಾಗಿಲ ಬಳಿ ತಮ್ಮನ ಹೆಂಡತಿ ನಿಂತಿದ್ದಳು. ನಿನ್ನೆಯ ಬಟ್ಟೆಯಲ್ಲೇ ಆಸ್ಪತ್ರೆಯಿಂದ ಬಂದಿದ್ದಳು. ತನ್ನ ಗಂಡ ಅರ ಮುಟ್ಟಿದವನೇ ಅಲ್ಲ, ಹಲ್ಲು ಮೊಂಡಾದರೆ ರಿಪೇರಿ ಅಂಗಡಿಗೆ ಕೊಡುತ್ತಿದ್ದ ಎಂದಳು. ಯಜಮಾನ ನಮ್ಮ ಕಡೆ ತಿರುಗಿ, ಪಾಪ, ಸಂಕಟದಲ್ಲಿ ಏನೇನೋ ಮಾತಾಡುತ್ತಾಳೆ ಎಂದ. ಆ 'ಪಾಪ' ಕೇಳಿ ನನ್ನ ಮೈ ಉರಿಯಿತು. ಆದರೆ ನನಗೆ ಅನುಮಾನವಿದ್ದದ್ದು ರಿಪೇರಿಯವನ ಮೇಲೆ.

ಅವನ ಅಂಗಡಿ ಬೀದಿಯ ಮೂಲೆಯಲ್ಲಿತ್ತು. ನಮ್ಮನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು. ಗರಗಸಕ್ಕೆ ಜೋರು ಬರಲೆಂದು ಸೈಲೆನ್ಸರಿನ ಬಾಯಿ ಅಗಲ ಮಾಡಿದ್ದು, ಕಾರ್ಬುರೇಟರ್ ತಿರುಗಿಸಿದ್ದು ತಾನೇ ಎಂದು ಒಪ್ಪಿಕೊಂಡ. ಮಾಡಿಸಿದ್ದು ಯಜಮಾನ. ಉಬ್ಬುಗಳನ್ನು ಮುಟ್ಟಲಿಲ್ಲವೆಂದು ಆಣೆ ಇಟ್ಟ.

"ಇನ್ನೇನು ಮಾಡಿದ್ರಿ?"

"ಇನ್ನೇನಿಲ್ಲ."

"ಬ್ರೇಕು? ಎಗರಿದ್ರೆ ಸರಪಳಿ ತಾನೇ ನಿಲ್ಲಬೇಕಲ್ಲ?"

ಅವನು ಮಸಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕಳ್ಳ ಸಿಕ್ಕಿದ ಎಂದುಕೊಂಡೆ. ಮೇಡಂ ಮಾತ್ರ ಅವನನ್ನು ಗದರದೆ, ಸ್ಕ್ರೂ ಡ್ರೈವರ್ ತೆಗೆದುಕೊಂಡು ಜೊತೆಗೆ ಬನ್ನಿ ಎಂದರು.

ಉಗ್ರಾಣದಲ್ಲಿ ಎಲ್ಲರ ಎದುರಿಗೂ ಗರಗಸದ ಪಕ್ಕದ ಮುಚ್ಚಳ ಬಿಚ್ಚಿಸಿದರು. ಒಳಗೆಲ್ಲ ಎಣ್ಣೆ, ಮರದ ಪುಡಿ ಕಲಸಿ ಗಸಿಯಂತೆ ಕಟ್ಟಿಕೊಂಡಿತ್ತು. ಬ್ರೇಕಿನ ಪಟ್ಟಿ ಮಾತ್ರ ತೊಳೆದಿಟ್ಟಷ್ಟು ಶುಭ್ರ.

"ಇದು ಒಳಗೆ ಸೇರಿ ಒಂದು ದಿನವೂ ಆಗಿಲ್ಲ," ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿದರು. "ಬೆಳಿಗ್ಗೆ ತೆಗೆದ ಫೋಟೋ ದೊಡ್ಡದು ಮಾಡಿ. ಏನು ಕಾಣ್ತಿದೆ?"

"ರಕ್ತ."

"ಎಲ್ಲೆಲ್ಲಿ?"

ಇಷ್ಟವಿಲ್ಲದಿದ್ದರೂ ನೋಡಿದೆ. ಹಲ್ಲಿನ ಮೇಲೆ ರಕ್ತ, ಸರಪಳಿಯ ಕೊಂಡಿಗಳಲ್ಲಿ ರಕ್ತ, ಉಬ್ಬುಗಳ ಬುಡದಲ್ಲಿಯೂ ರಕ್ತ. ಅರ ಹಾಕಿದ ನೆತ್ತಿಗಳ ಮೇಲೆ ಮಾತ್ರ ಒಂದು ಚುಕ್ಕೆಯೂ ಇಲ್ಲ. ಆ ಫಳಫಳವನ್ನು ನಾನೇ ಫೋಟೋ ತೆಗೆದಿದ್ದೆ. ಹೊಳಪು ಕಂಡಿತ್ತು, ಅದರ ಅರ್ಥ ಹೊಳೆದಿರಲಿಲ್ಲ.

ಮೇಡಂ ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ಚಪ್ಪಟೆ ಅರವನ್ನು ತೆಗೆದು ಬಿಳಿಯ ಕಾಗದದ ಮೇಲೆ ಮೆಲ್ಲಗೆ ತಟ್ಟಿದರು. ಕಬ್ಬಿಣದ ಪುಡಿ ಉದುರಿತು. ಅದರ ಜೊತೆ ಕಂದು ಬಣ್ಣದ ಹಕ್ಕಳೆಗಳು. ಅದನ್ನೂ ಫೋಟೋ ತೆಗೆದೆ.

"ನಿನ್ನೆ ಬೆಳಿಗ್ಗೆ ಅರ ಹಾಕಿದ್ರೆ ರಕ್ತ ಆ ನೆತ್ತಿಗಳ ಮೇಲೂ ಬೀಳ್ತಿತ್ತು," ಎಂದರು ಮೇಡಂ, ಯಜಮಾನನನ್ನೇ ನೋಡುತ್ತಾ. "ಅರಕ್ಕೆ ರಕ್ತ ಅಂಟ್ತಿರಲಿಲ್ಲ. ಇದು ಅವನು ಬಿದ್ದ ಮೇಲೆ, ರಕ್ತ ಒಣಗಿದ ಮೇಲೆ ಉಜ್ಜಿದ್ದು. ಆಗ ಅವನು ಆಸ್ಪತ್ರೆಯಲ್ಲಿದ್ದ. ಕೀಲಿ ನಿಮ್ಮ ಜೇಬಲ್ಲಿತ್ತು. ಇನ್ನು ನೀವು ನಿನ್ನೆ ಬೆಳಿಗ್ಗೆ ಕಣ್ಣಾರೆ ನೋಡಿದ್ದು ಏನನ್ನ?"

ಬಾಯಿ ತೆರೆದದ್ದು ರಿಪೇರಿಯವನು. ಗರಗಸ ಸ್ವಲ್ಪ ಎಗರಿದರೂ ಬ್ರೇಕು ಹಿಡಿದು ನಿಂತುಬಿಡುತ್ತಿತ್ತಂತೆ. ಕೆಲಸ ಸಾಗುವುದಿಲ್ಲವೆಂದು ಯಜಮಾನ ಆ ಪಟ್ಟಿಯನ್ನೇ ತೆಗೆಸಿದ್ದ. ತಮ್ಮನಿಗೆ ಅದು ಗೊತ್ತೇ ಇರಲಿಲ್ಲ. ನಿನ್ನೆ ಸಂಜೆ ಯಜಮಾನನೇ ಅಂಗಡಿಗೆ ಬಂದು ಪಟ್ಟಿಯನ್ನು ವಾಪಸ್ಸು ಒಯ್ದಿದ್ದ. ಬಾಯಿ ಬಿಟ್ಟರೆ ನೀನೂ ಒಳಗೆ ಹೋಗುತ್ತೀಯ ಎಂದಿದ್ದ.

ಅಂದರೆ ತಮ್ಮನ ಮೂಗಿಗೆ ಆಸ್ಪತ್ರೆಯವರು ನಳಿಗೆ ಹಾಕುತ್ತಿದ್ದಾಗ ಈ ಮನುಷ್ಯ ಇಲ್ಲಿ ಬಾಗಿಲು ಹಾಕಿಕೊಂಡು, ಅದೇ ತಮ್ಮನ ರಕ್ತದ ಮೇಲೆ ಒಂದೊಂದೇ ಉಬ್ಬನ್ನು ಉಜ್ಜುತ್ತಾ ಕೂತಿದ್ದ. ತಪ್ಪನ್ನು ಅವನ ತಲೆಗೆ ಕಟ್ಟಲು. ಹೇಸಿಗೆಯನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನನ್ನ ಕಸುಬೇ ಅದು. ಇಂಥದ್ದನ್ನು ನೋಡಿರಲಿಲ್ಲ.

"ಮನೆ ವಿಷಯ, ಮನೇಲೇ ಮುಗಿಸೋಣ ಕಣಮ್ಮ," ಎಂದ ಯಜಮಾನ ತಮ್ಮನ ಹೆಂಡತಿಗೆ. "ಆಸ್ಪತ್ರೆದು ನಾನು ನೋಡ್ಕೋತೀನಿ. ಅವನು ನನ್ನ ಒಡಹುಟ್ಟಿದವನಲ್ವಾ?"

ಅವಳು ಮೇಜಿನ ಹತ್ತಿರ ಬಂದಳು. ಕಾಗದದ ಮೇಲಿನ ಪುಡಿಯನ್ನು ನೋಡಿದಳು.

"ರಕ್ತ ಒರೆಸಿಯಾದ್ರೂ ಉಜ್ಜೋಕೆ ಕೂತ್ಕೋಬಾರದಿತ್ತಾ ಭಾವ?"

"ಒರೆಸಿದ್ರೆ ಯಾರೋ ಮುಟ್ಟಿದಾರೆ ಅಂತ ಗೊತ್ತಾಗ್ತಿತ್ತಲ್ಲಮ್ಮ," ಎಂದ ಅವನು, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ.

ಏನು ಹೇಳಿಬಿಟ್ಟೆನೆಂದು ಅವನಿಗೆ ಅರ್ಥವಾಗುವ ಮೊದಲೇ ಅವಳು ಅವನಿಗೆ ಬೆನ್ನು ತಿರುಗಿಸಿದ್ದಳು.

"ಮೇಡಂ, ಈ ಮನುಷ್ಯ ಈಗ ಹೇಳಿದ್ದನ್ನ ಹಾಗೇ ಬರ್ಕೊಳ್ಳಿ," ಎಂದಳು. "ನಾನು ಆಸ್ಪತ್ರೆಗೆ ಹೋಗ್ಬೇಕು."