ಬಲಗಡೆ ಸ್ಪೀಕರಿನ ದನಿ

"ಇವನ್ನೆಲ್ಲಾ ಕಚ್ರಾದಾಗ ಹಾಕ್ರಿ!"

ಮೌನೇಶ್ವರಿ ಚಹಾದ ಕಪ್ಪು ಹಿಡಿದು ನಿಂತಲ್ಲೇ ನಿಂತಳು.

ಹಾಗೆಂದವನ ಹೆಸರು ದೇವು. ಸುರಪುರದವನು. ಯಾದಗಿರಿಯ ಸ್ಟೇಷನ್ ರೋಡಿನಲ್ಲಿ ಅವನದು ಟಿವಿ, ಸ್ಪೀಕರ್ ಮಾರುವ, ರಿಪೇರಿ ಮಾಡುವ ಅಂಗಡಿ. ಶಹಾಪುರದ ಈ ಮನೆಗೆ ಅವನನ್ನು ಕರೆಸಿದ್ದು ಅವಳ ಅಣ್ಣ ಶಿವರಾಜ. ಮನೆಗೆ ದೊಡ್ಡ ಟಿವಿ ಬರಬೇಕು, ಗೋಡೆಯ ಕಪಾಟಿನಲ್ಲಿ ತುಂಬಿರುವ ಹಳೆಯ ಸಿನಿಮಾ ಸೀಡಿಗಳೆಲ್ಲ ಹೋಗಿ ಅದೇ ಸಿನಿಮಾಗಳ ಹೊಸ ಬ್ಲೂ-ರೇ ಡಿಸ್ಕುಗಳು ಬರಬೇಕು ಎಂಬುದು ಅವನ ಹಟ. ಹೇಗಿವೆ ನೋಡಿ ಹೇಳು ಎಂದು ಐದಾರು ಸೀಡಿಗಳನ್ನು ದೇವುವಿಗೆ ಮೊದಲೇ ಕೊಟ್ಟು ಕಳಿಸಿದ್ದ.

"ಯಾಕ್ರಿ ಕಚ್ರಾದಾಗ?" ಮೌನೇಶ್ವರಿ ಕೇಳಿದಳು.

"ಚಿತ್ರ ಎಲ್ಲಾ ಒಡದದ್ರಿ. ಮನಷ್ಯಾರ ಮುಖ ಇಟ್ಟಂಗಿ ಜೋಡಿಸಿದಂಗ ಕಾಣ್ತದ. ಬಲಗಡೆ ಸ್ಪೀಕರ್‌ದಾಗಂತೂ ಬರೇ ಗದ್ದಲ. ಯಾರೋ ಹೆಂಗಸು ವಟಾವಟಾ ಅಂತಾಳ. ನಾ ಆ ಸ್ಪೀಕರ್ ಬಂದ್ ಮಾಡೇ ನೋಡ್ದೆ."

ಹೆಸರಿಗಷ್ಟೇ ಅವಳು ಮೌನೇಶ್ವರಿ. ಸುಮ್ಮನಿರುವುದು ಅವಳ ಜಾಯಮಾನವಲ್ಲ!

"ಆ ಹೆಂಗಸು ನಮ್ಮವ್ವ ರೀ."

ದೇವು ಬಾಯಿ ತೆರೆದ.

"ನಾಕ ವರ್ಷ ಆತು ಆಕಿ ತೀರಿಕೊಂಡು. ಬಂದ್ ಮಾಡೇ ನೋಡಿದ್ರಲ್ಲ, ಹಂಗ ಬಾಯಿ ಬಂದ್ ಮಾಡ್ಕೊಂಡು ನಡೀರಿ!"

ಬಾಗಿಲು ಧಡಾರನೆ ಮುಚ್ಚಿತು. ಅವನಿಗಾಗಿ ತಂದ ಚಹಾವನ್ನು ಅವಳೇ ಕುಡಿದಳು.

ಆ ಅವ್ವನ ಹೆಸರು ಸಾಯಬಮ್ಮ. ತೆಲುಗು ಮಾತು ಓಡಾಡುವ ಗುರುಮಠಕಲ್ ಕಡೆಯಿಂದ ಶಹಾಪುರಕ್ಕೆ ಸೊಸೆಯಾಗಿ ಬಂದವಳು. ಗಂಡ ಹೋದ ಮೇಲೆ ಮನೆಯಲ್ಲೇ ಸೀಡಿ ಬಾಡಿಗೆಗೆ ಕೊಟ್ಟು ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಬಂದವೆಲ್ಲ ತೆಲುಗು ಸಿನಿಮಾಗಳು. ಓಣಿಯ ಹೆಂಗಸರಿಗೆ ತೆಲುಗು ತಿಳಿಯದು. ಸಾಯಬಮ್ಮ ಟಿವಿಯ ಪಕ್ಕ ಕೂತು ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು. ಬರೀ ಅರ್ಥ ಹೇಳಿದ್ದರೆ ಅವಳು ಸಾಯಬಮ್ಮ ಹೇಗಾದಾಳು? ಹೀರೋಗೆ ಬೈದಳು, ಅತ್ತೆಯರಿಗೆ ಬುದ್ಧಿ ಹೇಳಿದಳು. ಅದನ್ನು ಸೀಡಿಗೆ ಇಳಿಸಿದವನು ಶಿವರಾಜನೇ. ಎಡಗಡೆ ಸ್ಪೀಕರಿನಲ್ಲಿ ಸಿನಿಮಾ, ಬಲಗಡೆ ಸ್ಪೀಕರಿನಲ್ಲಿ ಅವ್ವ!

ಈಗಲೂ ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು.

ಆ ಶುಕ್ರವಾರ ದೇವು ಮತ್ತೆ ಬಂದ. ಗೋಡೆ ಅಳೆಯಬೇಕು ಅನ್ನುವುದು ನೆಪ. ನಿಜಕ್ಕೂ ಬಂದದ್ದು ಕ್ಷಮೆ ಕೇಳಲು. ಒಳಗೆ ಬಲಗಡೆ ಸ್ಪೀಕರಿನಿಂದ ಸಾಯಬಮ್ಮನ ದನಿ ಕೇಳಿ ಬಾಗಿಲಲ್ಲೇ ನಿಂತ.

"ನೋಡ್ರವ್ವ, ಈ ಮೀಸಿಯಾಂವ ಏನಂತಾನ... ನೀ ಇಲ್ಲಂದ್ರ ನಾ ಸಾಯ್ತೀನಿ ಅಂತಾನ. ಮಧ್ಯಾಹ್ನ ಎರಡ ಸಲ ಉಂಡಾನ ಇಂವ, ಸಾಯೂದೆಲ್ಲಿ ಬಂತು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ದೇವುವಿಗೂ ನಗು ತಡೆಯಲಾಗಲಿಲ್ಲ. ಮೌನೇಶ್ವರಿ ತಿರುಗಿ ನೋಡಿದಳು. 'ಈಗ ನಗು ಬಂತೇನು ಇವನಿಗೆ!'

ಅಷ್ಟರಲ್ಲಿ ಚಿತ್ರ ನಿಂತಿತು.

"ಈಕಿ ಏನ್ ಮಾಡಬೇಕಿತ್ತಂದ್ರ... ಏನ್ ಮಾಡಬೇಕಿತ್ತಂದ್ರ... ಏನ್ ಮಾಡಬೇಕಿತ್ತಂದ್ರ..."

ಆಮೇಲೆ ಅದೂ ಇಲ್ಲ. ಮೌನೇಶ್ವರಿ ಸೀಡಿ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿದಳು. ಮೂರು ಸಲ. ಈ ತಿಂಗಳಲ್ಲಿ ಸತ್ತ ನಾಲ್ಕನೆಯ ಸೀಡಿ ಅದು.

"ಕೊಡ್ರಿ, ನಾ ಜರಾ ನೋಡ್ತೀನಿ," ದೇವು ಮೆಲ್ಲಗೆ ಅಂದ.

"ಮುಟ್ಟಬ್ಯಾಡ್ರಿ!"

ಅವನು ಕೈ ಹಿಂದೆಗೆದುಕೊಂಡ. "ತಪ್ಪಾತ್ರಿ. ಕೇಳಲಾರದನ ಗದ್ದಲ ಅಂದಬಿಟ್ಟೆ." ಅಷ್ಟು ಹೇಳಿ ಗೋಡೆ ಅಳೆಯದೆ ಹೊರಟುಹೋದ.

ಕಪಾಟಿನ ಮುಂದೆ ಕೂತು ಮೌನೇಶ್ವರಿ ಬಹಳ ಹೊತ್ತು ಯೋಚಿಸಿದಳು. ಹೊಸ ಡಿಸ್ಕು ತಂದರೆ ಚಿತ್ರ ಹೊಳೆಯುತ್ತದೆ, ಅವ್ವ ಇರುವುದಿಲ್ಲ. ತರದಿದ್ದರೆ ಅವ್ವ ಒಂದೊಂದೇ ಸೀಡಿಯಾಗಿ ಹೋಗುತ್ತಾಳೆ... ಯಾವುದನ್ನು ಒಪ್ಪಬೇಕು? ಯಾಕೆ ಒಪ್ಪಬೇಕು?

ಮರುದಿನ ಬೆಳಿಗ್ಗೆ ಯಾದಗಿರಿ ಬಸ್ಸು ಹತ್ತಿದಳು. ಸತ್ತ ಸೀಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಒಂದ ಷರತ್ತು," ಅಂಗಡಿಯ ಮೆಟ್ಟಿಲ ಮೇಲೇ ನಿಂತು ಹೇಳಿದಳು. "ಇದು ನನ್ನ ಕಣ್ಣ ಮುಂದನ ಇರಬೇಕು."

"ಕುರ್ಚಿ ಹಾಕ್ತೀನಿ, ಕೂಡ್ರಿ."

ಮೂಲೆಯ ಹಳೆಯ ಕಂಪ್ಯೂಟರಿನ ಡ್ರೈವು ಸೀಡಿಯನ್ನು ನಿಧಾನವಾಗಿ, ತಡವರಿಸುತ್ತ, ಕೊನೆಗೂ ಓದಿತು. ದೇವು ಎದ್ದೇ ನಿಂತ.

"ಸಿನಿಮಾದ ದನಿ ಬ್ಯಾರೆ, ಅವ್ವನ ದನಿ ಬ್ಯಾರೆ ಅದಾವ್ರಿ! ಬಲಗಡೆದಷ್ಟೇ ತಕ್ಕೊಂಡು ಬ್ಲೂ-ರೇ ಚಿತ್ರದ ಮ್ಯಾಲ ಕೂಡಿಸಬಹುದು!"

ಕೂಡಿಸಿದರು. ಅರ್ಧ ಗಂಟೆ ಸರಿಯಾಗಿ ಓಡಿತು. ಆಮೇಲೆ ಪರದೆಯ ಮೇಲೆ ಹೆಣದ ಮುಂದೆ ಜನ ಅಳುತ್ತಿದ್ದರೆ ಸಾಯಬಮ್ಮ "ಭಾರಿ ಕುಣೀತಾನ ನೋಡ್ರವ್ವ!" ಅಂದುಬಿಟ್ಟಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಮೌನೇಶ್ವರಿ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಗುಟ್ಟು ಸಿಕ್ಕಿತು. ಸಿನಿಮಾ ಸೀಡಿಯಲ್ಲಿ ಹಿಡಿಸಲೆಂದು ಶಿವರಾಜ ಆಗ ನಡುನಡುವೆ ಸೀನುಗಳನ್ನು ಕತ್ತರಿಸಿದ್ದ. ಹೊಸ ಡಿಸ್ಕಿನಲ್ಲಿ ಅವೆಲ್ಲ ಇದ್ದವು.

"ಹೊಸಾದನ್ನೂ ಹಂಗ ಕತ್ತರಿಸ್ಲೇನ್ರಿ?"

"ಬ್ಯಾಡ್ರಿ. ಅವ್ವ ನೋಡಲಾರದ ಸೀನು ಇರ್ಲಿ. ಅಲ್ಲಿ ಆಕಿ ಸುಮ್ನಿರ್ಲಿ." ಅವಳು ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡಳು. "ಹೊಸಾದೂ ಬೇಕು, ಹಳೇದೂ ಬೇಕು. ಯಾವ ಸಿನಿಮಾ ಮೊದಲ, ಯಾವುದು ಆಮ್ಯಾಲ ಅಂತ ನಾ ಹೇಳ್ತೀನಿ. ನೀವೂ ಅಲ್ಲ, ನಮ್ಮಣ್ಣನೂ ಅಲ್ಲ."

"ಆತ್ರಿ," ಅಂದ ದೇವು. ಇಷ್ಟು ಸಂತೋಷದಿಂದ ಅಪ್ಪಣೆ ಒಪ್ಪಿಕೊಂಡ ಗಂಡಸನ್ನು ಅವಳು ನೋಡಿರಲಿಲ್ಲ.

ನಾಲ್ಕು ದಿನ ಬಸ್ಸು, ನಾಲ್ಕು ದಿನ ಅದೇ ಕುರ್ಚಿ. ಕೊನೆಯ ದಿನ ಹೊಸ ಡಿಸ್ಕು ಅವಳ ಕೈಗಿಡುತ್ತ ದೇವು ನೆಲ ನೋಡಿದ.

"ಶುಕ್ರವಾರಕ್ಕೊಮ್ಮೆ ನಿಮ್ಮನಿಗೆ ಬರಬೇಕು ಅನಸ್ತದ್ರಿ... ಸಿನಿಮಾ ನೋಡಾಕಲ್ಲ. ನಿಮ್ಮನ್ನ ನೋಡಾಕ. ಯಾವಾಗ್ಲೂ."

ಮೌನೇಶ್ವರಿ ಡಿಸ್ಕನ್ನು ಎದೆಗವಚಿಕೊಂಡಳು. ಏನು ಹೇಳಬೇಕು? 'ಹೂಂ' ಅನ್ನುವ ಚಿಕ್ಕ ಮಾತು ಇವತ್ತೇ ಯಾಕೆ ಸಿಕ್ಕಿಹಾಕಿಕೊಳ್ಳಬೇಕು!

"ಮೊದಲ ಡಿಸ್ಕ್ ಓಡ್ಲಿ," ಅಂದಳು. ಓಡಿಹೋಗಿ ಬಸ್ಸು ಹತ್ತಿದಳು.

ಮನೆಯಲ್ಲಿ ಶಿವರಾಜ ಕಾದಿದ್ದ.

"ದಿನಾ ಅವನ ಅಂಗಡ್ಯಾಗ ಕುಂದರ್ತಿ ಅಂತ ಜನ ಮಾತಾಡಾಕತ್ತಾರ!"

"ಮಾತಾಡ್ಲಿ. ಅವ್ವ ಇಡೀ ಊರಿನ ಮುಂದ ಮೈಕ್ ಹಿಡದು ಮಾತಾಡ್ಯಾಳ."

"ನಾಳಿ ಗುಜರಿಯಾಂವ ಬರ್ತಾನ. ಕಪಾಟ ಖಾಲಿ ಆಗಬೇಕು."

"ಬರ್ಲಿ. ಬಾಗಿಲದಾಗ ನಾ ಇರ್ತೀನಿ. ನನ್ನ ದಾಟಿ ಒಂದ ಸೀಡಿ ಹೊರಗ ಹೋಗ್ಲಿ, ನೋಡ್ತೀನಿ!"

ಶಿವರಾಜನ ಸಿಟ್ಟು ಒಮ್ಮೆಲೇ ಇಳಿದುಹೋಯಿತು. ಗೋಡೆಗೆ ಒರಗಿದ.

"ನನಗ ಆ ದನಿ ಕೇಳಾಕ ಆಗೂದಿಲ್ಲ, ಮೌನಾ... ಆಕಿ ಮುಂದ ಕುಂತು ರೆಕಾರ್ಡ್ ಮಾಡಿದಾಂವ ನಾನು."

ಓಹ್... ಇಷ್ಟು ದಿನ ಇವನಿಗೆ ಅವ್ವ ಬೇಡವಾಗಿದ್ದಾಳೆ ಅಂದುಕೊಂಡಿದ್ದಳಲ್ಲ! ಅಣ್ಣನ ಕೈ ಹಿಡಿದಳು. ಆದರೆ ಬಗ್ಗಲಿಲ್ಲ.

"ನಿನಗ ಆಗೂದಿಲ್ಲಂದ್ರ ಶುಕ್ರವಾರ ಹೊರಗ ಕೂಡು ಅಣ್ಣಾ. ನನಗ ಕೇಳಲಾರದ ಇರಾಕ ಆಗೂದಿಲ್ಲ."

ಗುಜರಿಯವನಿಗೆ ಅವನೇ ಫೋನು ಮಾಡಿ ಬರಬೇಡ ಅಂದ.

ಶುಕ್ರವಾರ ಹೊಸ ಟಿವಿ ಗೋಡೆ ಏರಿತ್ತು. ಕಪಾಟು ಅದರ ಜಾಗದಲ್ಲೇ ಇತ್ತು, ಟಿವಿಯೇ ಪಕ್ಕಕ್ಕೆ ಸರಿದಿತ್ತು. ದೇವು ಬಾಗಿಲ ಹತ್ತಿರ ನಿಂತಿದ್ದ. ಶಿವರಾಜ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಆದರೆ ಕಿಟಕಿಗೆ ಹತ್ತಿರದಲ್ಲೇ.

"ಯವ್ವಾ, ಹೀರೋಯಿನ್ ಮೂಗುತಿ ಸುದ್ದಾ ಕಾಣ್ತದಲ್ಲ!" ಓಣಿಯ ಹಿರಿಯಳು ಇಮಾಮಬೀ ಖಾಲಾ ಬೆರಗಾದಳು. ಸಾಯಬಮ್ಮ ಮೊದಲಿನಂತೆಯೇ ಬೈದಳು, ನಗಿಸಿದಳು. ಸೀಡಿ ನಿಂತಲ್ಲಿ ಈ ಸಲ ಚಿತ್ರ ನಿಲ್ಲಲಿಲ್ಲ.

ಆಮೇಲೆ ಯಾರೂ ನೋಡಿರದ ಸೀನು ಬಂತು. ನದಿ ದಂಡೆ. ಹೀರೋ ಏನೋ ಉದ್ದಕ್ಕೆ ಹೇಳುತ್ತಿದ್ದಾನೆ. ಬಲಗಡೆ ಸ್ಪೀಕರು ಸುಮ್ಮನಾಯಿತು.

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು.

"ಈಗ ಏನಂದ ಇಂವ? ಯಾರು ಹೇಳೋರು?" ಖಾಲಾ ಕೇಳಿದಳು.

ಮೌನೇಶ್ವರಿಗೆ ಅವ್ವನ ತೆಲುಗು ಬರುತ್ತಿತ್ತು. ಎದ್ದಳು. ಕಪಾಟಿನ ಮೇಲಿದ್ದ ಅವ್ವನ ಮೈಕು ತೆಗೆದುಕೊಂಡಳು.

"ಆಂವ ಅಂತಾನ, ನಿನ್ನ ಮಾತು ಕೇಳಲಾರದನ ತಪ್ಪು ತಿಳಕೊಂಡಿದ್ದೆ. ಈಗ ಜೀವ ಇರೂತನಕ ಕೇಳ್ಕೋತ ಇರ್ತೀನಿ ಅಂತಾನ." ಅವಳ ಕಣ್ಣು ಪರದೆ ಬಿಟ್ಟು ಬಾಗಿಲ ಕಡೆ ಹೋಯಿತು. "ಆಕಿ ಅಂತಾಳ... ಇರು. ಇಲ್ಲೇ ಇರು. ನನಗೂ ನೀ ಬೇಕು ಅಂತಾಳ."

"ಏ ಹುಡುಗಿ! ಆಕಿ ಅವನ ಕಪಾಳಕ್ಕ ಹೊಡದು ಹೊಂಟಾಳಲ್ಲ!"

"ಆಕಿ ಏನರ ಮಾಡ್ಲಿ ಖಾಲಾ. ನಾ ಹೇಳೂದು ಇದನ್ನ!"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರ ತಲೆಯೂ ಒಟ್ಟಿಗೆ ಬಾಗಿಲ ಕಡೆ ತಿರುಗಿತು. ಕಿಟಕಿಯ ಹೊರಗೆ ಶಿವರಾಜ ಕೆಮ್ಮಿದ. ದೇವುವಿನ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಚಾಪೆಯ ಅಂಚು ದಾಟಿ ಅವಳ ಹತ್ತಿರ ಬಂದ.

"ನನಗ ತೆಲುಗು ಬರೂದಿಲ್ರಿ," ಅಂದ ಮೆಲ್ಲಗೆ. "ನೀವು ಹೇಳಿದ್ದು ಖರೇನೋ ಏನೋ..."

ಮೌನೇಶ್ವರಿ ಮೈಕು ಕೆಳಗಿಟ್ಟಳು. ಈ ಮಾತು ಓಣಿಗೆ ಬೇಕಾಗಿರಲಿಲ್ಲ.

"ಸಿನಿಮಾದ್ದು ಸುಳ್ಳು. ನಂದು ಖರೆ."