ಕೆರೆ ದಂಡೆಯ ಸೀಟಿ

ಗಾಜಿನ ಪೆಟ್ಟಿಗೆಯಲ್ಲಿ ಟೋಪಿಯೊಂದೇ ಉಳಿದಿತ್ತು. ಬೀಗ ಹಾಕಿದ ಹಾಗೇ ಇತ್ತು.

ಮೂರು ಪದಕ ಇಲ್ಲ. ಹಡಗಿನ ಸೀಟಿ ಇಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಭೀಮಸೇನರ ವಸ್ತುಗಳು. ಮಾರ್ಚ್‌ನಲ್ಲಿ ಅವರು ತೀರಿಕೊಂಡ ಮೇಲೆ ಮಗ ದಾಮೋದರ ಅವನ್ನು ಗುಜರಾತಿನ ವಸ್ತ್ರಾಪುರದ ಕೆರೆಯ ಹತ್ತಿರ ಇದ್ದ ತನ್ನ ಹೋಟೆಲಿನ ಗಲ್ಲಾದ ಹಿಂದೆ, ಗಿರಾಕಿಗಳಿಗೆ ಕಾಣುವಂತೆ ಇಟ್ಟಿದ್ದ.

"ಇಲ್ಲಿ ಮಲಗುವವ ಇವನೊಬ್ಬನೇ, ಜಲಜಕ್ಕ." ದಾಮೋದರ ದೋಸೆ ಭಟ್ಟ ಬಾಲಚಂದ್ರನತ್ತ ಕೈ ತೋರಿಸಿದ. "ಪೊಲೀಸರಿಗೆ ಫೋನ್ ಮಾಡ್ತೇನೆ."

"ದೇವರಾಣೆ ನಾನು ಮುಟ್ಟಲಿಲ್ಲ. ಮಗಳಿಗೆ ಈಗಷ್ಟೇ ಸಂಬಂಧ ಕೂಡಿ ಬಂದಿದೆ. ಕಳ್ಳ ಅಂತ ಊರಿಗೆ ಸುದ್ದಿ ಮುಟ್ಟಿದರೆ ಎಲ್ಲ ಮುಗೀತು."

ಜಲಜಾ ವಿಮಾ ಕಚೇರಿಯ ಕ್ಲೇಮ್ ವಿಭಾಗದವಳು. ಸುಳ್ಳನ್ನು ಮೂಸಿ ಹಿಡಿಯುವುದೇ ಕೆಲಸ. ದಿನಾ ಇಲ್ಲೇ ಕಾಫಿ.

"ಫೋನ್ ಕೆಳಗಿಡಿ. ಕೀಲಿ ಎಲ್ಲಿತ್ತು?"

"ಮೇಲೆ, ಮನೆಯ ದೇವರ ಕೋಣೆಯಲ್ಲಿ. ಇವ ದಿನಾ ಹಾಲು ಕೊಡಲಿಕ್ಕೆ ಬರ್ತಾನಲ್ಲ!"

* * *

ಡಿಸೆಂಬರಿನ ಮಂಜಿನೊಳಗಿಂದ ಕೆರೆಯ ವಾಚ್‌ಮನ್ ರಮಣ್‌ಭಾಯ್ ಚಹಾಕ್ಕೆ ಬಂದ. ಅರ್ಧ ಹಿಂದಿ, ಅರ್ಧ ಗುಜರಾತಿಯಲ್ಲಿ ಹೇಳಿದ:

"ಬೆಳಕು ಹರಿಯುವಾಗ ಭೀಮಸೇನ್ ಸಾಹೇಬ್ರು ಬಂದಿದ್ರು! ಪ್ರತಿ ವರ್ಷ ಇದೇ ದಿನ ಬರ್ತಿದ್ರಲ್ಲ, ಹಾಗೇ. ಬಿಳಿ ಕೋಟು. ನೀರಿನ ಮುಂದೆ ನಿಂತು ಸೀಟಿ ಊದಿದ್ರು. ಮುಖ ಕಾಣಲಿಲ್ಲ. ಎದೆ ಮೇಲೆ ಪದಕ ಮಿನುಗ್ತಿತ್ತು."

ಹೋಟೆಲೇ ಮೆಲ್ಲಗೆ ನೀರಿನಲ್ಲಿ ತೇಲಿದ ಹಾಗಿತ್ತು.

"ಎದೆಯ ಯಾವ ಕಡೆ?" ಜಲಜಾ ಕೇಳಿದಳು.

"ಬಲಗಡೆ. ಸೀಟಿ ಹಿಡಿದ ಕೈಯ ಕಡೆಗೇ."

ಜಲಜಾ ಗೋಡೆಯ ಫೋಟೋದತ್ತ ನಡೆದಳು. ಯಾವುದೋ ಸಮಾರಂಭ. ಭೀಮಸೇನರ ಪದಕ ಎಡಗಡೆ. ಪಕ್ಕದ ಮುದುಕಿಯ ಪದಕ ಬಲಗಡೆ.

"ಇವರು?"

"ಅಪ್ಪನ ಗೆಳೆಯನ ತಾಯಿ. ಸೂರತ್‌ನವರು. ಮಗ ಸಮುದ್ರದಿಂದ ವಾಪಸ್ ಬರಲೇ ಇಲ್ಲ."

"ಗಳಿಸಿದವರು ಎಡಗಡೆ ಹಾಕ್ಕೋತಾರೆ. ಅವರು ಹೋದ ಮೇಲೆ ಮನೆಯವರು ಹಾಕ್ಕೊಂಡ್ರೆ ಬಲಗಡೆ. ಹಾಗಾಗಿ ಕೆರೆಗೆ ಬಂದದ್ದು ನಿಮ್ಮಪ್ಪನ ಭೂತ ಅಲ್ಲ. ಬಾಲಚಂದ್ರನೂ ಅಲ್ಲ. ಕದ್ದವರು ಊರು ಬಿಡ್ತಾರೆ, ನಿಂತು ಸೀಟಿ ಊದಲ್ಲ. ಈ ಪದ್ಧತಿ ಗೊತ್ತಿರೋರು, ದೇವರ ಕೋಣೆಯ ಕೀಲಿ ಕೈಗೆ ಸಿಗೋರು... ನಿಮ್ಮಮ್ಮ ಎಲ್ಲಿ?"

"ಮೇಲೆ. ಇನ್ನೂ ಎದ್ದಿಲ್ಲ."

* * *

ಕಮಲಾಕ್ಷಮ್ಮ ಬೆತ್ತದ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಶಾಲು ಜಾರಿತ್ತು. ಒಳಗೆ ಗಂಡನ ಬಿಳಿ ಕೋಟು, ತೋಳನ್ನು ಮೂರು ಸುತ್ತು ಮಡಚಿದ್ದು. ಬಲಗಡೆ ಮೂರು ಪದಕ. ಮುಷ್ಟಿಯಲ್ಲಿ ಸೀಟಿ. ಪಾದದಲ್ಲಿ ಕೆರೆಯ ಕೆಸರು.

"ಅಮ್ಮ! ನನ್ನನ್ನು ಕೇಳಬಾರದಿತ್ತಾ?"

ಅವರು ಕಣ್ಣು ತೆರೆದರು. "ಮೂರು ಸಲ ಕೇಳಿದೆ. ನೀನೇ 'ಗಿರಾಕಿಗಳು ನೋಡ್ತಾರೆ, ಮುಟ್ಟಬೇಡ' ಅಂದೆ. ನಿನ್ನಪ್ಪನ ಹಡಗು ಮುಳುಗಿದ ದಿನ ಇದು. ಬಾರದೆ ಉಳಿದವರನ್ನು ವರ್ಷಕ್ಕೊಮ್ಮೆ ಸೀಟಿ ಊದಿ ಕರೀತಿದ್ರು. ಈ ವರ್ಷ ಯಾರು ಕರೀಬೇಕು? ನೀನು ಬಾಗಿಲು ತೆಗೆಯುವ ಮೊದಲೇ ವಾಪಸ್ ಇಡ್ತಿದ್ದೆ. ನಿದ್ದೆ ಬಂತು ಮಾರಾಯ."

ಆಮೇಲೆ ಬಾಗಿಲಲ್ಲಿ ನಿಂತವನನ್ನು ನೋಡಿದರು. "ಬಾಲಚಂದ್ರನ ಕಣ್ಣು ಯಾಕೆ ಕೆಂಪು?"

ದಾಮೋದರ ತಲೆ ತಗ್ಗಿಸಿದ. "ನಾನು ಇವನನ್ನು ಕಳ್ಳ ಅಂದೆ." ಬಾಲಚಂದ್ರನತ್ತ ತಿರುಗಿ ಕೈಮುಗಿದ. ಬೀಗದ ಕೀಲಿ ತಂದು ತಾಯಿಯ ಮಡಿಲಿಗೆ ಹಾಕಿದ.

ಬಾಲಚಂದ್ರ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ: "ಎಲ್ಲರನ್ನೂ ಕರೆದಿರಾ, ಅಮ್ಮ?"

"ಎಲ್ಲರನ್ನೂ. ಈ ಸಲ ಒಂದು ಸೀಟಿ ಹೆಚ್ಚು ಊದಿದೆ."